ಹಪ್ಪಳದ ಕವಿತೆಗೆ ಅತ್ತವರು

ಯುರೋಪಿನಲ್ಲಿ ಕವಿಗಳಿಗೆ ಎಷ್ಟು ಮರ್ಯಾದೆ ಕೊಡ್ತಾರೆ ಅಂತ ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಎರಡು ಚೀಟಿಯಷ್ಟು, ಅನ್ನುತ್ತೇನೆ. ರಾಟರ್‌ಡ್ಯಾಮ್‌ನ ಕಾವ್ಯೋತ್ಸವದಲ್ಲಿ ಹೆಸರು ಬರೆದ ಬಿಲ್ಲೆಯ ಜೊತೆ ನನ್ನ ಕೈಗೆ ಬಂದದ್ದು ಅದೇ. ಒಂದು ಚೀಟಿ ಕೊಟ್ಟರೆ ಒಂದು ಲೋಟ ವೈನೋ ಬಿಯರೋ ಸಿಗುತ್ತದೆ. ನಾನು ಎರಡಕ್ಕೂ ಸೇಬಿನ ಜ್ಯೂಸ್ ಕುಡಿದೆ. ಶಾಲಿಲ್ಲ, ಹಾರವಿಲ್ಲ, ಫಲತಾಂಬೂಲದ ಮಾತಂತೂ ಬೇಡ. ಮೈಸೂರಿನಲ್ಲಿ ಹೀಗಿರಲಿಲ್ಲ. ಕಾಲೇಜು ಹುಡುಗಿಯಾಗಿದ್ದಾಗಲೇ ಕವಿಗೋಷ್ಠಿಗಳಲ್ಲಿ ನನಗೆ ಸಿಕ್ಕ ಶಾಲುಗಳನ್ನು ಅಮ್ಮ ಫ್ರಿಜ್ಜಿಗೊಂದು, ಟೀವಿಗೊಂದು, ಹೊಲಿಗೆ ಮೆಷಿನ್ನಿಗೊಂದು ಹೊದಿಸಿದ್ದಳು. ಕನ್ನಡ ಸಾಹಿತ್ಯದಿಂದ ನಮ್ಮ ಮನೆಗೆ ಆದ ಉಪಯೋಗ ಅದು.

ಈಗ ನಾನಿರುವುದು ಬೆಸ್ಟ್‌ನಲ್ಲಿ. ಐಂಡ್‌ಹೋವನ್ ಪಕ್ಕದ ಊರು. ನಾಲ್ಕು ಬೀದಿ ನಡೆದರೆ ಬೆಂಗಳೂರಿನವರು ಒಬ್ಬರಾದರೂ ಎದುರಾಗುತ್ತಾರೆ, ಎದುರಾದವರು ಇಲ್ಲಿ ವಾಸ ಮಾಡುವ ಪರ್ಮಿಟ್ಟಿನ ವಿಷಯ ಎತ್ತುತ್ತಾರೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಇದಕ್ಕೆ ಸಂಬಳ ಬೇರೆ ಕೊಡ್ತಾರಲ್ಲ ಅಂತ ನಮ್ಮನೆಯವರಿಗೆ ಇನ್ನೂ ಆಶ್ಚರ್ಯ. ಮನೆಯಲ್ಲಿ ಅದನ್ನೇ ನಾನು ಪುಕ್ಕಟೆಯಾಗಿ ಮಾಡುತ್ತೇನೆ. ಮಿಕ್ಕ ಹೊತ್ತಿನಲ್ಲಿ ಕವಿತೆ ಬರೆಯುತ್ತೇನೆ. ಊರಿನಲ್ಲಿ ಎರಡು ಸಂಕಲನ ಬಂದಿವೆ. ನೆಂಟರು ಯಾರೂ ಓದಿಲ್ಲ, ಆದ್ದರಿಂದ ಸಂಬಂಧಗಳೆಲ್ಲ ಚೆನ್ನಾಗಿವೆ.

ಉತ್ಸವದ ಆಹ್ವಾನ ಬಂದದ್ದು ನವೆಂಬರಿನಲ್ಲಿ. ಕಾರ್ಯಕ್ರಮ ಇದ್ದದ್ದು ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ನಮ್ಮ ಕಡೆ ಕವಿಗೋಷ್ಠಿಗೆ ಕರೆಯುವವರು ಹಿಂದಿನ ದಿನ ಫೋನ್ ಮಾಡಿ, ಇನ್ಯಾರೋ ಕೈ ಕೊಟ್ಟರು ದಯವಿಟ್ಟು ಬನ್ನಿ ಅನ್ನುತ್ತಾರೆ. ಇವರು ಏಳು ತಿಂಗಳ ಮುಂಚೆ ನನ್ನನ್ನು ಮೂರು ಕವಿತೆಗೆ ಹತ್ತು ನಿಮಿಷ ಅಂತ ಗೊತ್ತು ಮಾಡಿದ್ದರು, ಚಪ್ಪಾಳೆಗೆ ಒಂದು ನಿಮಿಷ ಬೇರೆ ಇಟ್ಟಿದ್ದರು. ಈ ದೇಶದ ಮನೆಗಳಲ್ಲಿ ಆಡುವ ಪರಭಾಷೆಗಳ ಕವಿತೆ ಆ ಮಧ್ಯಾಹ್ನದ ವಿಷಯವಂತೆ. ಕವಿ ತನ್ನ ಭಾಷೆಯಲ್ಲಿ ಓದುವುದು, ಹಿಂದೆ ದೊಡ್ಡ ಪರದೆಯ ಮೇಲೆ ಡಚ್ ಅನುವಾದ ಒಂದೊಂದೇ ಸಾಲು ಮೂಡುವುದು. ಪುಸ್ತಿಕೆ ಅಚ್ಚು ಹಾಕಿಸುವುದಿಲ್ಲ, ಮರ ಉಳಿಯಲಿ ಅಂತ. ಇದನ್ನೆಲ್ಲ ಬರೆದವರು ಉತ್ಸವದ ಸಂಯೋಜಕಿ, ಆರಡಿ ಮೇಲಿನ ಹೆಂಗಸು, ಎಷ್ಟು ಒಳ್ಳೆಯವರೆಂದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೇ ಆಗುವುದಿಲ್ಲ. ನಾನು ಪ್ರಯತ್ನಪಟ್ಟಿದ್ದೇನೆ.

ಆರು ಕವಿತೆಗಳನ್ನು ನಾನೇ ಇಂಗ್ಲಿಷಿಗೆ ಎಳೆದು ತಂದು ಕಳಿಸಿದೆ. ಅದರಲ್ಲಿ ಮೂರನ್ನು ಆರಿಸಿ ಡಚ್‌ಗೆ ಮಾಡಿದವರು ಮಾಸ್ಟ್ರಿಕ್ಟ್‌ನ ಒಬ್ಬ ನಿವೃತ್ತ ಮೇಷ್ಟರು. ಅವರಿಗೆ ಕನ್ನಡ ಬಾರದು. ಅದೊಂದು ಕೊರತೆ ಅಂತ ಅವರಿಗೂ ಅನ್ನಿಸಿರಲಿಲ್ಲ, ಉತ್ಸವದವರಿಗೂ ಅನ್ನಿಸಿರಲಿಲ್ಲ. ಸೈಕಲ್ ಕಲಿತ ಕವಿತೆ, ಪರ್ಮಿಟ್ ಕಚೇರಿಯ ಕುರ್ಚಿಯ ಕವಿತೆ, ಆಮೇಲೆ ‘ನಮ್ಮನೆಯ ಹುಡುಗಿ’, ಇವು ಮೂರು ಪಾಸಾದವು. ನನಗೆ ತುಂಬಾ ಇಷ್ಟವಾದ ಹಪ್ಪಳದ ಕವಿತೆ ಫೇಲು. ಹಪ್ಪಳ ಅಂದರೆ ಏನು ಅಂತ ವಿವರಿಸುವಷ್ಟರಲ್ಲಿ ಕವಿತೆಯೇ ಮುಗಿದುಹೋಗುತ್ತದೆ ಅಂತ ಮೇಷ್ಟರು ಬರೆದಿದ್ದರು. ನಾನು ಮೂಗು ಮುರಿದೆ.

‘ನಮ್ಮನೆಯ ಹುಡುಗಿ’ ವಿಷಯ ಹೇಳಿಬಿಡುತ್ತೇನೆ, ಮುಂದಿನ ಪಜೀತಿಯೆಲ್ಲ ಅದರದ್ದೇ. ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಅಂತ ಅದು ಶುರುವಾಗುತ್ತದೆ. ಮೂಗು ನಮ್ಮತ್ತೆಯದು, ಕೋಪ ನನ್ನದು. ನಿದ್ದೆಯಲ್ಲಿ ಡಚ್ ಮಾತಾಡುತ್ತಾಳೆ. ಅವಳಿಗೆ ಅಡಿಗೆ ಮಾಡಿ ಬಡಿಸುತ್ತೇನೆ, ಬಟ್ಟೆ ಮಡಿಸಿಡುತ್ತೇನೆ, ಮನೆಗೆ ಬಂದವರ ಜೊತೆ ನಡೆದುಕೊಳ್ಳುವ ಹಾಗೆ ಮರ್ಯಾದೆಯಾಗಿ ನಡೆದುಕೊಳ್ಳುತ್ತೇನೆ. ಹಾಗೇ ನನ್ನ ಮಗಳು ಬರುವುದನ್ನು ಕಾಯುತ್ತಾ ಇದ್ದೇನೆ. ನನ್ನ ಮಗಳು ಎಷ್ಟು ಹೊತ್ತಿಗೆ ಬರ್ತಾಳೆ ಅಂತ ಈ ಹುಡುಗಿಯನ್ನೇ ಕೇಳಬೇಕು. ಅಷ್ಟೇ ಕವಿತೆ. ಊರಿನ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದಾಗ ಗುರುತು ಪರಿಚಯ ಇಲ್ಲದವರೆಲ್ಲ ಅತ್ತೆವು ಅಂತ ಮೆಸೇಜು ಕಳಿಸಿದ್ದರು. ಪರದೇಶದ ದುಃಖಕ್ಕೆ ಊರಿನಲ್ಲಿ ಯಾವತ್ತೂ ಒಳ್ಳೆ ಗಿರಾಕಿ.

ಕವಿತೆಯ ಹುಡುಗಿ ನನ್ನ ಒಬ್ಬಳೇ ಮಗಳು. ಈಗ ಹದಿನೈದು ವರ್ಷ. ನಾನು ಊಟಕ್ಕೆ ಬಾರೇ ಅಂತ ಕೂಗಿದರೆ ‘ಇಕ್ ಕೊಮ್’ ಅನ್ನುತ್ತಾಳೆ, ಬಂದೆ ಅಂತ ಅದರರ್ಥ, ಬರುವುದು ಅನ್ನ ತಣ್ಣಗಾದ ಮೇಲೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಅವಳ ಬಗ್ಗೆ ಅಜ್ಜಿಯ ಹತ್ತಿರ ಫೋನಿನಲ್ಲಿ ಚಾಡಿ ಹೇಳುತ್ತಿದ್ದರೆ ಮಹಡಿಯ ಮೇಲಿಂದ ಡಚ್‌ನಲ್ಲಿ ತಿದ್ದುಪಡಿ ಬರುತ್ತದೆ. ಓದಲು ಮಾತ್ರ ಬರುವುದಿಲ್ಲ. ಇಲ್ಲಿನ ಕನ್ನಡ ಬಳಗದ ಕ್ಲಾಸಿಗೆ ಮೂರು ಭಾನುವಾರ ಹೋಗಿ ಅ ಆ ಇ ಈ ವರೆಗೆ ಕಲಿತವಳು ಆಮೇಲೆ ಹಾಕಿ ಟೀಮಿಗೆ ಸೇರಿಕೊಂಡಳು. ಆಗ ನಾನು ರಂಪ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಅವಳಿಗೆ ಬಾರದ ಅಕ್ಷರದಲ್ಲಿ ನಾನು ಏನು ಬೇಕಾದರೂ ಬರೆಯಬಹುದು. ಅವಳಪ್ಪನ ಬಗ್ಗೆ, ಅವಳ ಬಗ್ಗೆ, ಯಾವ ಹಂಗೂ ಇಲ್ಲದೆ. ಕನ್ನಡ ಉಳಿಸಿ ಅಂತ ಭಾಷಣ ಮಾಡುವ ನಾನು ನನ್ನ ಮಗಳಿಗೆ ಕನ್ನಡ ಓದೋಕೆ ಬಾರದ ಅನುಕೂಲವನ್ನು ಚೆನ್ನಾಗಿಯೇ ಅನುಭವಿಸಿದೆ.

ಮತ್ತೆ ಯಾಕಮ್ಮಾ ಆ ಕವಿತೆ ಕಳಿಸಿದೆ ಅಂದರೆ, ಅದು ಚೆನ್ನಾಗಿತ್ತು, ಅದಕ್ಕೆ. ಒಂದು ಒಳ್ಳೆ ಕವಿತೆ ಬರೆದವರಿಗೆ ಅದನ್ನು ಬಚ್ಚಿಡುವ ಯೋಗ್ಯತೆ ಇರುವುದಿಲ್ಲ. ಜೊತೆಗೆ ಅವಳು ಉತ್ಸವಕ್ಕೆ ಬರುತ್ತಾಳೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಶನಿವಾರ ಅವಳಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಮೊಸರಿನ ಡಬ್ಬಿ ಜೋಡಿಸುವ ಕೆಲಸ. ಅಮ್ಮನ ಕವಿತೆಗಾಗಿ ಅದನ್ನು ಬಿಡುವ ಹುಡುಗಿ ಅಲ್ಲ ಅವಳು.

ಆದರೆ ಅವಳ ಶಾಲೆಯಲ್ಲಿ ಸಂಸ್ಕೃತಿ ಅಂತಲೇ ಒಂದು ವಿಷಯ ಇದೆ. ನಾಟಕಕ್ಕೋ ಮ್ಯೂಸಿಯಮ್ಮಿಗೋ ಹೋಗಿ ಬಂದು ವರದಿ ಬರೆಯಬೇಕು. ನಮ್ಮಲ್ಲಿ ಸಂಸ್ಕೃತಿಯನ್ನು ಮನೆಯಲ್ಲಿ ಬೈದು ಕಲಿಸುತ್ತಾರೆ, ಇವರು ಅದಕ್ಕೆ ಮಾರ್ಕ್ಸ್ ಕೊಡುತ್ತಾರೆ. ಉತ್ಸವಕ್ಕೆ ಎರಡು ವಾರ ಇದ್ದಾಗ ಊಟದ ಮಧ್ಯೆ ಅವಳು, ರಜೆ ಕೇಳಿದ್ದೀನಿ, ನಿನ್ನ ಜೊತೆ ಬರ್ತೀನಿ, ಒಂದು ವರದಿ ಮುಗಿಯುತ್ತೆ, ಅಂತ ಡಚ್‌ನಲ್ಲಿ ಹೇಳಿದಳು. ಒಂದು ಗಳಿಗೆ ಎಷ್ಟು ಖುಷಿಯಾಯಿತು ಅಂದರೆ ಇನ್ನೊಂದು ಚಪಾತಿ ಹಾಕಿದೆ. ಆಮೇಲೆ ಪರದೆಯ ನೆನಪಾಯಿತು.

ಅವಳಿಗೆ ಓದಲು ಬರುವ ಭಾಷೆಯಲ್ಲಿ, ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ, ನನ್ನ ತಲೆಯ ಮೇಲೆಯೇ ಅದು ಮೂಡುತ್ತದೆ. ಅಮ್ಮನಿಗೆ ನಾನು ಬೇಡ, ಇನ್ಯಾವಳೋ ಬೇಕು ಅಂತ ತಿಳಿದುಕೊಳ್ಳುತ್ತಾಳೆ. ಹೋಗಲಿ, ಅದು ಶುದ್ಧ ಸುಳ್ಳು ಅಂತ ಹೇಳೋಣ ಅಂದರೆ, ಬರೆದ ದಿನ ಅದು ಸುಳ್ಳಾಗಿರಲಿಲ್ಲ. ಆವತ್ತು ಅವಳು ಬಾಗಿಲು ಹಾಕಿಕೊಂಡು ಗೆಳತಿಯ ಜೊತೆ ಫೋನಿನಲ್ಲಿ ನಗುತ್ತಿದ್ದಳು, ಆ ನಗು ನನಗೆ ಗುರುತೇ ಹತ್ತಲಿಲ್ಲ. ಬಾಗಿಲ ಹೊರಗೆ ಮಡಿಸಿದ ಬಟ್ಟೆ ಹಿಡಿದುಕೊಂಡು ನಿಂತವಳಿಗೆ ಎಂಥದೋ ಸಂಕಟವಾಯಿತು. ಹೋಗಿ ಬರೆದೆ. ಮಾರನೆಯ ದಿನ ಸಂಕಟ ಹೋಯಿತು, ಕವಿತೆ ಉಳಿಯಿತು. ಕವಿತೆಗಳ ದೊಡ್ಡ ತೊಂದರೆ ಇದೇ.

ನಮ್ಮನೆಯವರು ಮೊದಲೇ ಹೇಳಿಬಿಡು, ಅವಳೇನು ಮಗುವಾ ಅಂದರು. ಬುದ್ಧಿವಂತರ ಮಾತು. ನೀವು ನಿಮ್ಮ ಬಿಸಿಬೇಳೆಬಾತ್ ನೋಡಿಕೊಳ್ಳಿ ಅಂದೆ. ಅದೇ ಶನಿವಾರ ಕನ್ನಡ ಬಳಗದ ಪಿಕ್ನಿಕ್ ಇತ್ತು, ನೂರು ಜನರ ಬಿಸಿಬೇಳೆಬಾತ್ ಇವರ ಉಸ್ತುವಾರಿ. ಕಾವ್ಯಕ್ಕೂ ಬಿಸಿಬೇಳೆಬಾತಿಗೂ ಒಂದೇ ದಿನ ಬಿದ್ದರೆ ಕನ್ನಡಿಗರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳುವುದೇ ಬೇಡ. ರಾಟರ್‌ಡ್ಯಾಮ್‌ಗೆ ಒಬ್ಬರೂ ಬರಲಿಲ್ಲ.

ಹೇಳೋಣ ಹೇಳೋಣ ಅಂತ ದಿನಾ ಅಂದುಕೊಂಡೆ, ಹೇಳಲಿಲ್ಲ. ಬದಲಿಗೆ ಸಂಯೋಜಕಿಗೆ ಮೇಲ್ ಹಾಕಿದೆ, ಮೂರನೆಯ ಕವಿತೆ ತೆಗೆದು ಹಪ್ಪಳದ್ದು ಹಾಕಿಕೊಳ್ಳಿ ಅಂತ. ಇಲ್ಲಿನವರು ಇಲ್ಲ ಅನ್ನುವಾಗ ತುಂಬಾ ಸಂತೋಷವಾಗಿರುತ್ತಾರೆ. ಪರದೆಯ ಕೆಲಸ ಮುಗಿದಿದೆ, ಮೇಷ್ಟರಿಗೆ ಆ ಕವಿತೆ ಬಲು ಪ್ರಿಯ, ತಮ್ಮ ಅತ್ಯುತ್ತಮ ಕವಿತೆಯ ಬಗ್ಗೆ ಕವಿಗಳಿಗೆ ಹೀಗೆ ಅಳುಕು ಬರುವುದು ಸಹಜ, ಬಿಸಿಲಿರಲಿ ಅಂತ ಹಾರೈಸೋಣ, ಅಂತ ಉತ್ತರ ಬಂತು. ಕೊನೆಯಲ್ಲಿ ಒಂದು ಸೂರ್ಯಕಾಂತಿ ಹೂವಿನ ಚಿತ್ರ.

ಆಗ ನನ್ನೊಳಗಿನ ಮೈಸೂರು ಎದ್ದು ಕೂತಿತು. ನಮ್ಮ ಕವಿಗೋಷ್ಠಿಗಳಲ್ಲಿ ಯಾರು ಏನು ಓದುತ್ತಾರೆ ಅಂತ ಓದುವವರೆಗೂ ಬ್ರಹ್ಮನಿಗೂ ತಿಳಿಯುವುದಿಲ್ಲ. ಮೈಕಿನ ಮುಂದೆ ನಿಂತು, ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ ನೋಡಿ, ಆಮೇಲೆ ಕಿಸೆಗೆ ಕೈ ಹಾಕುವುದು. ಒಂದೇ ಒಂದು ಪುಟ್ಟ ಕವಿತೆ ಅಂತ ಹೇಳಿ ಖಂಡಕಾವ್ಯ ಓದುವುದು. ಸಂಘಟಕರು ಚೀಟಿ ಕಳಿಸಿದರೆ ಮಡಿಸಿ ಜೇಬಿಗಿಟ್ಟುಕೊಂಡು ಮುಂದುವರಿಯುವುದು. ಮೈಕು ಹಿಡಿದ ಕವಿಯನ್ನು ತಡೆದವರನ್ನು ನಾನು ಇನ್ನೂ ಕಂಡಿಲ್ಲ. ನಾನೂ ಹಾಗೇ ಮಾಡುವುದು ಅಂತ ನಿರ್ಧರಿಸಿದೆ. ಎರಡು ಕವಿತೆ ಒಪ್ಪಂದದ ಪ್ರಕಾರ, ಮೂರನೆಯದಕ್ಕೆ ಹಪ್ಪಳ. ಅದಕ್ಕೆ ಅನುವಾದ ಇಲ್ಲವಲ್ಲ, ಪರದೆ ಖಾಲಿ ಬಿಡುತ್ತಾರೆ. ಜನ ಎರಡು ನಿಮಿಷ ಕನ್ನಡದ ನಾದ ಕೇಳಿ ತಲೆದೂಗುತ್ತಾರೆ, ಅರ್ಥವಾಗದ ಭಾಷೆಯ ಮೇಲೆ ಯುರೋಪಿನವರಿಗೆ ಇರುವ ಭಕ್ತಿ ದೊಡ್ಡದು. ಮಗಳು ಹಪ್ಪಳ ಕೇಳಿ ವರದಿ ಬರೆಯುತ್ತಾಳೆ. ಎಲ್ಲರಿಗೂ ಕ್ಷೇಮ.

ಬೆಳಿಗ್ಗೆಯೇ ಅಮ್ಮ ಮಗಳು ರೈಲು ಹತ್ತಿ ಹೋದೆವು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು, ನಾನು ರೇಷ್ಮೆ ಸೀರೆಯ ಮೇಲೆ ರೇನ್‌ಕೋಟ್ ಹಾಕಿಕೊಂಡಿದ್ದೆ. ರಂಗಮಂದಿರ ಮುಟ್ಟಿದ ಮೇಲೆ ಅವಳು ಹೊರಗೆ ಸುತ್ತಾಡಿಕೊಂಡು ಬರುತ್ತೇನೆ ಅಂತ ಹೋದಳು, ನನ್ನನ್ನು ತಾಲೀಮಿಗೆ ಕರೆದರು. ಪರದೆ ನಡೆಸುವಾಕೆ ನಡುವಯಸ್ಸಿನ ಹೆಂಗಸು, ಕುತ್ತಿಗೆಯಲ್ಲಿ ಕನ್ನಡಕ ನೇತುಹಾಕಿಕೊಂಡಿದ್ದರು. ತನಗೆ ಕನ್ನಡ ಒಂದಕ್ಷರ ಗೊತ್ತಿಲ್ಲ, ಸಾಲು ಮುಗಿದದ್ದು ಹೇಗೆ ತಿಳಿಯಬೇಕು ಅಂತ ಕೇಳಿದರು. ಪ್ರತಿ ಸಾಲಿನ ಕೊನೆಗೆ ಒಂದು ಉಸಿರಿನಷ್ಟು ನಿಲ್ಲುತ್ತೇನೆ ಅಂದೆ. ಹಾಗಾದರೆ ನೀವು ನಿಂತಾಗಲೆಲ್ಲ ಗುಂಡಿ ಒತ್ತುತ್ತೇನೆ ಅಂದರು. ಸೈಕಲ್ ಕವಿತೆ ಓದಿ ಪರೀಕ್ಷೆ ಮಾಡಿದೆವು. ಅಚ್ಚುಕಟ್ಟಾಗಿ ನಡೆಯಿತು. ಸಾಕು ಅಂದೆ.

ಮಧ್ಯಾಹ್ನದ ಊಟ ಅಂತ ಕೊಟ್ಟದ್ದು ಎರಡು ಬ್ರೆಡ್ಡಿನ ಮಧ್ಯೆ ಚೀಸು, ಕುಡಿಯುವುದಕ್ಕೆ ಮಜ್ಜಿಗೆ. ಈ ದೇಶದವರು ಮಜ್ಜಿಗೆ ಕುಡಿಯುತ್ತಾರೆ, ಉಪ್ಪಿಲ್ಲದೆ, ಇಂಗಿಲ್ಲದೆ, ಯಾವ ಪಶ್ಚಾತ್ತಾಪವೂ ಇಲ್ಲದೆ. ಅಲ್ಲಿ ನನ್ನ ಪಕ್ಕ ಕೂತವನು ಪೂರ್ವ ಯುರೋಪಿನ ಗುಡ್ಡಗಾಡಿನ ಒಬ್ಬ ಹಿರಿಯ ಕವಿ. ವರ್ಷಕ್ಕೊಂದು ಕವಿತೆ ಬರೆಯುತ್ತಾನೆ, ಅದನ್ನು ಹಿಡಿದುಕೊಂಡು ಊರೂರು ಸುತ್ತುತ್ತಾನೆ. ಒಂದು ಊರಿನಲ್ಲಿ ದೋಣಿಯ ಮೇಲೆ ಕಾವ್ಯೋತ್ಸವ, ಇನ್ನೊಂದು ಕಡೆ ಪಾಳು ಚರ್ಚಿನಲ್ಲಿ, ಮತ್ತೊಂದು ಕಡೆ ದ್ರಾಕ್ಷಿ ತೋಟದಲ್ಲಿ. ಕಾವ್ಯ ಎಲ್ಲ ಕಡೆ ಒಂದೇ, ಬೆಳಗಿನ ತಿಂಡಿ ಮಾತ್ರ ಬೇರೆ ಬೇರೆ, ಅಂತ ಅವನ ವಿಮರ್ಶೆ. ಉತ್ತರದ ಕಡೆ ಮೀನು ಚೆನ್ನಾಗಿರುತ್ತದಂತೆ, ದಕ್ಷಿಣದಲ್ಲಿ ಸಂಘಟಕರು ಮರೆತು ಹೋಗುತ್ತಾರಂತೆ, ಇಲ್ಲಿ ಹೋಟೆಲಿನ ಮೊಟ್ಟೆಗೂ ವೇಳಾಪಟ್ಟಿ ಇದೆಯಂತೆ. ಇನ್ನೊಂದು ಮಾತು ಹೇಳಿದ. ಜನ ನಮ್ಮನ್ನು ನೋಡುವುದೇ ಇಲ್ಲ, ನಮ್ಮ ತಲೆಯ ಮೇಲೆ ಒಂದು ಮೊಳ ಮೇಲಕ್ಕೆ ನೋಡುತ್ತಾರೆ, ಒಂದು ಊರಿನಲ್ಲಿ ನಾನು ಅರ್ಧ ಪದ್ಯ ಬರೀ ಕೆಮ್ಮಿದೆ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಅಂತ. ನಾನು ನಕ್ಕೆ. ಅದನ್ನು ಹಾಸ್ಯ ಅಂತ ತಿಳಿದುಕೊಂಡ ನನ್ನ ಬುದ್ಧಿಗೆ ಏನನ್ನಬೇಕು.

ನನ್ನ ಸರದಿ ಬಂತು. ಸಭೆ ಮುಕ್ಕಾಲು ತುಂಬಿತ್ತು. ಮಗಳು ಐದನೆಯ ಸಾಲಿನ ತುದಿಯಲ್ಲಿ, ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಕೂತಿದ್ದಳು. ಅಷ್ಟು ಮರ್ಯಾದೆ ಅವಳು ಅಜ್ಜಿಗೂ ಕೊಟ್ಟವಳಲ್ಲ. ಸೈಕಲ್ ಕವಿತೆಗೆ ಜನ ನಕ್ಕರು, ಕುರ್ಚಿಯ ಕವಿತೆಗೆ ಗಂಭೀರವಾದರು. ಎರಡೂ ಸರಿಯಾದ ಜಾಗದಲ್ಲಿ. ಮೂರನೆಯದಕ್ಕೆ ನಾನು ಹಾಳೆ ಮಡಿಸಿ ಪಕ್ಕಕ್ಕಿಟ್ಟೆ. ಊರಿನ ಚಾಳಿಯಂತೆ, ಕೊನೆಯದಾಗಿ ಹಪ್ಪಳದ ಮೇಲೊಂದು ಪುಟ್ಟ ಕವಿತೆ ಓದುತ್ತೇನೆ, ಅಂತ ಕನ್ನಡದಲ್ಲೇ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಯಾವ ಕವಿತೆ ಬಿಟ್ಟೆ ಅಂತ ಪ್ರಶ್ನೆ ಬರುತ್ತದಲ್ಲ. ಹಪ್ಪಳದ್ದು ನನಗೆ ಬಾಯಿಪಾಠ.

ಅದೊಂದು ತಮಾಷೆಯ ಕವಿತೆ. ಅಮ್ಮ ಮೈಸೂರಿನಿಂದ ಉದ್ದಿನ ಹಪ್ಪಳ ಕಳಿಸುತ್ತಾಳೆ, ಇಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತವೆ, ಒಣಗಿಸೋಣ ಅಂದರೆ ಬಿಸಿಲಿಲ್ಲ. ಹಳೆ ಪಂಚೆ ಹಾಸಿ, ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಇಡುತ್ತೇನೆ, ಮಿಕ್ಕಿದ್ದನ್ನು ಬಾಲ್ಕನಿಯಲ್ಲಿ. ಪಕ್ಕದ ಮನೆಯ ತಾತ ಬಂದು ಇದು ಚರ್ಮವೋ ಕಲೆಯೋ ಅಂತ ಕೇಳುತ್ತಾನೆ. ಇಲ್ಲಿನ ಕುಳ್ಳ ಕಾಗೆ ಒಂದನ್ನು ಹಸಿಹಸಿಯಾಗೇ ಎತ್ತಿಕೊಂಡು ಹೋಗುತ್ತದೆ, ಪಾಪ, ಅದಕ್ಕೆ ಕರಿಯೋಕೆ ಬರಲ್ಲ. ಇಷ್ಟೇ.

ನಾನು ಓದುತ್ತಾ ಹೋದಂತೆ ಸಭೆ ಮೌನವಾಯಿತು. ರೇಡಿಯೇಟರ್ ಬರುವಷ್ಟರಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಕತ್ತಿನ ಮೇಲೆ ಕೈಯಿಟ್ಟುಕೊಂಡರು. ಪಂಚೆಗೆ ಒಬ್ಬರು ಕನ್ನಡಕ ತೆಗೆದರು. ಪಕ್ಕದ ಮನೆಯ ತಾತ ಬಂದಾಗ ಎಲ್ಲೋ ಒಂದು ಮೂಗು ಸೊರಗುಟ್ಟಿತು. ಹಪ್ಪಳದಲ್ಲಿ ಇಷ್ಟು ಕರುಣರಸ ಇದೆ ಅಂತ ನನಗೇ ಗೊತ್ತಿರಲಿಲ್ಲ. ಇದೆಲ್ಲ ನನ್ನ ಕಂಠದ ಮಹಿಮೆ ಅಂತ ಉಬ್ಬಿಹೋದೆ. ಅನುವಾದವೇ ಇಲ್ಲದೆ, ಬರೀ ದನಿಯಲ್ಲಿ, ಕನ್ನಡ ಈ ಜನರ ಕಣ್ಣಲ್ಲಿ ನೀರು ತರಿಸುತ್ತಿದೆ ಅಂತ ರೋಮಾಂಚನವಾಯಿತು. ದನಿ ಇಳಿಸಿದೆ, ಇನ್ನೂ ನಿಧಾನ ಮಾಡಿದೆ, ಪ್ರತಿ ಸಾಲಿನ ಕೊನೆಗೆ ಚೆನ್ನಾಗಿ ನಿಂತು ನಿಂತು ಓದಿದೆ. ಮಗಳು ಮಾತ್ರ ಅಳುತ್ತಿರಲಿಲ್ಲ. ಮೇಲೆ ನೋಡುತ್ತಿದ್ದಳು, ನನ್ನನ್ನು ನೋಡುತ್ತಿದ್ದಳು, ಮತ್ತೆ ಮೇಲೆ ನೋಡುತ್ತಿದ್ದಳು. ವರದಿಗೆ ಗಮನ ಕೊಡುತ್ತಿದ್ದಾಳೆ, ಜಾಣೆ, ಅಂದುಕೊಂಡೆ.

ಕಾಗೆ ಹಾರಿಹೋಯಿತು. ಚಪ್ಪಾಳೆ ಅವರು ಇಟ್ಟಿದ್ದ ನಿಮಿಷವನ್ನೂ ಮೀರಿತು. ಕೈ ಮುಗಿದು, ಹಿಂದೆ ನಿಂತಿದ್ದ ಸಂಯೋಜಕಿಗೂ ಒಂದು ನಮಸ್ಕಾರ ಇರಲಿ ಅಂತ ತಿರುಗಿದೆ. ಪರದೆ ಖಾಲಿ ಇರಲಿಲ್ಲ. ನನ್ನ ಎತ್ತರದಷ್ಟು ದೊಡ್ಡ ಡಚ್ ಅಕ್ಷರಗಳಲ್ಲಿ, ನನ್ನ ಮಗಳು ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಈ ಹುಡುಗಿಯನ್ನೇ ಕೇಳಬೇಕು, ಅಂತ ಇತ್ತು.

ಪರದೆ ನಡೆಸಿದ ಹೆಂಗಸಿನದು ಏನೂ ತಪ್ಪಿಲ್ಲ. ನಿಂತಾಗಲೆಲ್ಲ ಗುಂಡಿ ಒತ್ತುತ್ತೇನೆ ಅಂದಿದ್ದರು, ಒತ್ತಿದರು. ಕನ್ನಡ ಬಾರದವರಿಗೆ ಹಪ್ಪಳವೂ ಒಂದೇ, ಹುಡುಗಿಯೂ ಒಂದೇ. ಯಂತ್ರಕ್ಕೆ ತಪ್ಪು ಸರಕು ಕೊಟ್ಟರೆ ಏನಾಗುತ್ತದೆ ಅಂತ ಮೊದಲು ನೋಡಬೇಕು ಅಂತ ಆಫೀಸಿನಲ್ಲಿ ಹೊಸಬರಿಗೆ ಪಾಠ ಮಾಡುವವಳು ನಾನು. ಮೈಸೂರಿನ ಚಾಳಿಯನ್ನು ರಾಟರ್‌ಡ್ಯಾಮ್‌ನ ಯಂತ್ರಕ್ಕೆ ಹಾಕಿದರೆ ಏನಾಗುತ್ತದೆ ಅಂತ ಮಾತ್ರ ನೋಡಿರಲಿಲ್ಲ. ಇಡೀ ಸಭೆಯಲ್ಲಿ ಎರಡೂ ಕವಿತೆ ತಿಳಿದವಳು ಒಬ್ಬಳೇ. ಅಮ್ಮ ಬಾಯಲ್ಲಿ ಹೇಳಿದ್ದೂ ಅವಳಿಗೆ ಅರ್ಥವಾಯಿತು, ಬಚ್ಚಿಡಲು ಹೋದದ್ದೂ ಅರ್ಥವಾಯಿತು. ಆ ಕವಿತೆಯನ್ನು ಸುಮ್ಮನೆ ಓದಿದ್ದರೆ ಕವಿತೆ ಅಂತ ಬಿಟ್ಟುಬಿಡುತ್ತಿದ್ದಳೋ ಏನೋ. ಮುಚ್ಚಿಡಲು ಹೋಗಿ ಅದು ನಿಜ ಅಂತ ನಾನೇ ರುಜು ಹಾಕಿಕೊಟ್ಟೆ.

ವೇದಿಕೆ ಇಳಿದ ಮೇಲೆ ಅಭಿನಂದನೆಗಳು ಶುರುವಾದವು. ಸಂಯೋಜಕಿ ಬಗ್ಗಿ ಅಪ್ಪಿಕೊಂಡರು. ಗುಡ್ಡಗಾಡಿನ ಕವಿ ತನ್ನ ಒಂದು ಚೀಟಿಯನ್ನು ನನಗೆ ದಾನ ಮಾಡಿದ. ಮೇಷ್ಟರು ಒದ್ದೆ ಕಣ್ಣಿನಲ್ಲಿ ಬಂದು ನನ್ನ ಕೈ ಹಿಡಿದುಕೊಂಡರು. ಕನ್ನಡದಲ್ಲಿ ಕೇಳಿದ ಮೇಲೆ ತಮ್ಮ ಅನುವಾದ ಸರಿಯಾಗೇ ಇದೆ ಅಂತ ಧೈರ್ಯ ಬಂತಂತೆ. ಕೊನೆಯ ಸಾಲಿನ ನೋವು ದನಿಯಲ್ಲೇ ಇತ್ತಂತೆ. ಕಾಗೆಗೆ ಕರಿಯೋಕೆ ಬರಲ್ಲ ಅನ್ನುವ ಸಾಲು ಅದು. ಹೌದು ಸರ್, ತುಂಬಾ ನೋವಿನ ಸಾಲು, ಅಂದೆ. ಸತ್ಯ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಮಗಳು ಬಾಗಿಲ ಬಳಿ ನನ್ನ ರೇನ್‌ಕೋಟ್ ಹಿಡಿದುಕೊಂಡು ನಿಂತಿದ್ದಳು. ಮುಖ ಊದಿಸಿಕೊಂಡಿರಲಿಲ್ಲ. ಊದಿಸಿಕೊಂಡಿದ್ದರೆ ಎಷ್ಟೋ ಸಲೀಸಿತ್ತು, ಆ ಮುಖ ನನಗೆ ಗೊತ್ತಿರುವಂಥದು. ಹೋಗೋಣವಾ ಅಂದಳು. ಟ್ರಾಮು ಹಿಡಿದು ಸ್ಟೇಷನ್ನಿಗೆ ಬಂದೆವು. ರೈಲಿನಲ್ಲಿ ಎದುರು ಬದುರು ಕೂತ ಮೇಲೆ ನಾನು ಕವಿತೆ ಅಂದರೆ ಏನು ಅಂತ ಉಪನ್ಯಾಸ ಶುರು ಮಾಡಿದೆ. ಕವಿತೆಯಲ್ಲಿ ನಾನು ಅಂದರೆ ನಾನಲ್ಲ, ಹುಡುಗಿ ಅಂದರೆ ನೀನಲ್ಲ, ಕವಿಗಳು ಉತ್ಪ್ರೇಕ್ಷೆ ಮಾಡುತ್ತಾರೆ, ಒಂದು ದಿನದ ಬೇಜಾರು ಅದು, ಇಂಥವೇ. ಅವಳು ಕಿಟಕಿಯಾಚೆ ನೋಡುತ್ತಾ ಪೂರ್ತಿ ಕೇಳಿಸಿಕೊಂಡಳು.

“ಯಾವಾಗ ಬರೆದೆ?” ಅಂತ ಡಚ್‌ನಲ್ಲಿ ಕೇಳಿದಳು.

ಮೂರು ವರ್ಷವಾಯಿತು ಅಂದೆ.

“ನನಗಾಗ ಹನ್ನೆರಡು,” ಅಂದು ಹೆಡ್‌ಫೋನ್ ಏರಿಸಿಕೊಂಡಳು.

ನನಗೆ ಅಳು ಬಂತು. ಅತ್ತೆವು ಅಂತ ಮೆಸೇಜು ಕಳಿಸಿದವರೆಲ್ಲ ಎಲ್ಲಿ ಹೋದರು ಈಗ, ಅಂತ ಸಿಟ್ಟೂ ಬಂತು. ಬ್ರೆಡಾ ಹೋಯಿತು, ಟಿಲ್ಬರ್ಗ್ ಹೋಯಿತು. ಐಂ‌ಡ್‌ಹೋವನ್‌ನಲ್ಲಿ ಇಳಿದು ಬೆಸ್ಟ್‌ಗೆ ಸಣ್ಣ ರೈಲು ಹಿಡಿದೆವು. ನಮ್ಮೂರ ಸ್ಟೇಷನ್ ನೆಲದಡಿ ಇರುವುದು. ಮೇಲೆ ಹತ್ತಿ ಬಂದರೆ ಜೂನ್ ಸಂಜೆಯ ಬಿಸಿಲು, ಹಪ್ಪಳ ಒಣಗಿಸುವಂಥದು. ಅವಳು ಬೆಳಿಗ್ಗೆ ಅಲ್ಲಿ ನಿಲ್ಲಿಸಿದ್ದ ತನ್ನ ಸೈಕಲ್ಲಿನ ಬೀಗ ತೆಗೆದು, ಮುಂದೆ ಹೋಗಿರ್ತೀನಿ ಅಂತ ಅಂದು ಹೊರಟುಬಿಟ್ಟಳು. ನಾನು ಹಾಲು ತರುವ ನೆಪದಲ್ಲಿ ಅಂಗಡಿಗೆ ಹೋಗಿ ಬೇಡದ ಸಾಮಾನೆಲ್ಲ ನೋಡಿಕೊಂಡು ನಿಂತೆ. ಮನೆಗೆ ಹೋಗಲು ಹೆದರಿಕೆಯಾಗುತ್ತಿತ್ತು. ಸೀರೆಯುಟ್ಟು ಚೀಸಿನ ಮುಂದೆ ಅಷ್ಟು ಹೊತ್ತು ನಿಂತವರನ್ನು ಆ ಅಂಗಡಿಯವರು ಹಿಂದೆ ಕಂಡಿರಲಾರರು.

ಪಿಕ್ನಿಕ್ಕಿಗೆ ಹೋಗಿದ್ದ ನಮ್ಮನೆಯವರ ಕಾರು ಇನ್ನೂ ಬಂದಿರಲಿಲ್ಲ. ನಾನು ಬೀಗದ ಕೈ ಹುಡುಕುವಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ಮುಖ ತೊಳೆದುಕೊಂಡು ಬಂದಿದ್ದಳು, ಆದರೂ ಕಣ್ಣು ಕೆಂಪಗಿದ್ದವು. ಬಾಗಿಲಿಗೆ ಅಡ್ಡವಾಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕನ್ನಡದಲ್ಲಿ, ಮನೆಗೆ ಬಂದವರ ಹತ್ತಿರ ನಾನು ಆಡುವ ಅದೇ ರಾಗದಲ್ಲಿ ಮಾತಾಡಿದಳು.

“ಬನ್ನಿ, ಒಳಗೆ ಬನ್ನಿ. ನಿಮ್ಮ ಮಗಳು ಇನ್ನೂ ಬಂದಿಲ್ಲ. ಕೂತ್ಕೊಂಡಿರಿ. ಕಾಫಿ ಕುಡೀತೀರಾ?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಸೋಫಾದ ತುದಿಯಲ್ಲಿ, ಹೊಸ ಮನೆಗೆ ಹೋದವರ ಹಾಗೆ, ಹಾಲಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಸಕ್ಕರೆ ಕಮ್ಮಿ ಇರಲಿ ಅಂದೆ. ಅವಳು ಅಡಿಗೆಮನೆಗೆ ಹೋಗಿ, ನನಗೆ ಗೊತ್ತಿದ್ದ ಹಾಗೆ ಅವತ್ತೇ ಮೊದಲ ಸಲ, ಫಿಲ್ಟರ್ ಕಾಫಿ ಬೆರೆಸಿ ತಂದಳು. ನೀರು ನೀರಾಗಿತ್ತು. ಪೂರ್ತಿ ಕುಡಿದೆ. ಅವಳು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು ಕಾಯುತ್ತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಲೋಟ ಕೆಳಗಿಟ್ಟು ಕೇಳಿದೆ.

“ನನ್ನ ಮಗಳು ಎಷ್ಟು ಹೊತ್ತಿಗೆ ಬರ್ತಾಳೆ?”

“ಗೊತ್ತಿಲ್ಲ,” ಅಂದಳು. “ನೀವು ಹಪ್ಪಳ ಕರಿದ್ರೆ ಬರಬಹುದು.”

ಎದ್ದು ಹೋಗಿ ಬಾಣಲೆಗೆ ಎಣ್ಣೆ ಹಾಕಿದೆ.